ರೂಟ್ ಆರಿಸುವಾಗ ಕಿಲೋಮೀಟರ್ ಬಿಟ್ಟು ಮಹಡಿ ಎಣಿಸಿ

ಮಾನ್ಯ ಸಂಪಾದಕರೇ,

ದಸರಾ, ದೀಪಾವಳಿಯ ಆನ್‌ಲೈನ್ ಮಾರಾಟ ಹತ್ತಿರವಾದಂತೆ ಬೆಂಗಳೂರಿನ ಪಾರ್ಸೆಲ್ ಹಬ್‌ಗಳಿಗೆ (ಪಾರ್ಸೆಲ್ ವಿಂಗಡಿಸಿ ಮನೆಮನೆಗೆ ಕಳಿಸುವ ಕೇಂದ್ರಗಳಿಗೆ) ಹೊಸ ಹುಡುಗರು ಬಂದು ಸೇರುತ್ತಾರೆ. ಯಾವ ರೂಟ್ ಬೇಕು ಎಂದು ಟೀಮ್ ಲೀಡರ್ ಕೇಳಿದರೆ ಅವರು ವಿಚಾರಿಸುವುದು ಎರಡೇ ಸಂಗತಿ. ಹಬ್‌ನಿಂದ ಎಷ್ಟು ದೂರ? ದಿನಕ್ಕೆ ಎಷ್ಟು ಪಾರ್ಸೆಲ್? ಹತ್ತಿರ ಇದ್ದು ಪಾರ್ಸೆಲ್ ಜಾಸ್ತಿ ಇದ್ದರೆ ಅದೇ ಒಳ್ಳೆಯ ರೂಟ್ ಎಂದು ಒಪ್ಪಿಕೊಂಡುಬಿಡುತ್ತಾರೆ. ಈ ಲೆಕ್ಕದಲ್ಲಿ ಪೆಟ್ರೋಲ್ ಇದೆ, ದುಡ್ಡಿದೆ. ಮೊಣಕಾಲು, ಸೊಂಟ, ಭುಜ ಎಲ್ಲೂ ಇಲ್ಲ. ಆರು ತಿಂಗಳಾದ ಮೇಲೆ ಕೆಲಸ ಬಿಡಿಸುವುದು ಮಾತ್ರ ಇವೇ ಮೂರು. ಹಾಗಾಗಿ ರೂಟ್ ಆರಿಸುವ ಬಗೆ ಕುರಿತು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಮೊದಲು ಮೆಟ್ಟಿಲು. ಹತ್ತು ಅಡಿ ಎತ್ತರದ ಮಹಡಿಗೆ ಏಳು ಇಂಚಿನ ಮೆಟ್ಟಿಲಾದರೆ 17 ಮೆಟ್ಟಿಲು. ಬಿಟಿಎಂ ಲೇಔಟ್ ಅಥವಾ ಮಾರತ್ತಹಳ್ಳಿಯ ಒಳಗಲ್ಲಿಗಳಲ್ಲಿ ಲಿಫ್ಟ್ ಇಲ್ಲದ ಮೂರು-ನಾಲ್ಕು ಮಹಡಿಯ ಬಾಡಿಗೆ ಮನೆಗಳು, ಪಿ.ಜಿ.ಗಳು ಒಂದಕ್ಕೊಂದು ಅಂಟಿಕೊಂಡಿವೆ. ಅಂಥ ಕಡೆ 80 ಪಾರ್ಸೆಲ್‌ಗಳ ರೂಟ್ ಹಿಡಿದಿರಿ ಎನ್ನೋಣ. ಅರ್ಧದಷ್ಟು ನೆಲಮಹಡಿಯಲ್ಲೇ ಮುಗಿದು, ಉಳಿದ 40ಕ್ಕೆ ಸರಾಸರಿ ಎರಡು ಮಹಡಿ ಹತ್ತಬೇಕಾದರೂ ಒಟ್ಟು 80 ಮಹಡಿ, 1,360 ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಹರಕೆ ಹೊತ್ತವರು ವರ್ಷಕ್ಕೊಮ್ಮೆ ಹತ್ತುತ್ತಾರೆ. ಈ ಹುಡುಗರು ಅದಕ್ಕಿಂತ ಹೆಚ್ಚು ಮೆಟ್ಟಿಲನ್ನು ದಿನವೂ, ಕೈಯಲ್ಲಿ ಸಾಮಾನು ಹಿಡಿದು, ಗಡಿಯಾರ ನೋಡಿಕೊಂಡು ಹತ್ತಿ ಇಳಿಯುತ್ತಾರೆ.

ಹತ್ತುವುದಕ್ಕಿಂತ ಇಳಿಯುವುದೇ ಮೊಣಕಾಲಿಗೆ ಕೆಟ್ಟದ್ದು. ಹತ್ತುವಾಗ ಉಸಿರು ಕಟ್ಟುವುದರಿಂದ ತಾನಾಗಿಯೇ ನಿಧಾನಿಸುತ್ತೇವೆ. ಇಳಿಯುವಾಗ ತಡೆಯುವವರಿಲ್ಲ. ಎರಡೆರಡು ಮೆಟ್ಟಿಲು ಹಾರುತ್ತೇವೆ, ಮೈಯ ಭಾರದ ಮೂರು ಪಟ್ಟಿಗೂ ಮಿಕ್ಕ ಒತ್ತಡ ಒಂದೇ ಮಂಡಿಯ ಮೇಲೆ ಬೀಳುತ್ತದೆ. ಮಂಡಿ ಚಿಪ್ಪಿನ ಸುತ್ತ ಉರಿ, ಕೂತು ಎದ್ದಾಗ ಬಿಗಿತ ಶುರುವಾಗುವುದು ಹೀಗೆ. ಕೆಳಗಿಳಿಯುವಾಗ ಕೈ ಖಾಲಿ ಇರುತ್ತದೆ. ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು, ಪೂರ್ತಿ ಪಾದ ಊರಿ ಇಳಿದರೆ ಮಹಡಿಗೆ ಐದಾರು ಸೆಕೆಂಡ್ ಹೆಚ್ಚಾಗಬಹುದು. 80 ಮಹಡಿಗೆ ಎಂಟು ನಿಮಿಷ. ಮಂಡಿ ಉಳಿಯುವುದಾದರೆ ಎಂಟು ನಿಮಿಷ ದೊಡ್ಡದಲ್ಲ.

ಈಗ ಇದೇ ಹಬ್‌ನಿಂದ ಹೋಗಿ ಬರಲು ಎಂಟು ಕಿಲೋಮೀಟರ್ ಹೆಚ್ಚಿರುವ, ನೆಲಮಹಡಿ ಮನೆಗಳೇ ತುಂಬಿರುವ ಹಳೇ ಬಡಾವಣೆಯ ರೂಟ್ ನೋಡಿ. ಲೀಟರಿಗೆ 45 ಕಿ.ಮೀ. ಕೊಡುವ ಗಾಡಿಗೆ ಹೆಚ್ಚುವರಿ ಪೆಟ್ರೋಲ್ ಹದಿನೆಂಟಿಪ್ಪತ್ತು ರೂಪಾಯಿ, ಹೆಚ್ಚುವರಿ ಸಮಯ ಸುಮಾರು 25 ನಿಮಿಷ. ಬದಲಿಗೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತುವುದು ತಪ್ಪುತ್ತದೆ. ಜಯನಗರದ ಹಳೆಯ ಬ್ಲಾಕ್‌ಗಳಲ್ಲಿ, ಬಸವನಗುಡಿಯಲ್ಲಿ ಗೇಟಿನಿಂದ ಬಾಗಿಲಿಗೆ ನಾಲ್ಕೇ ಹೆಜ್ಜೆ ಇರುವ ಮನೆಗಳು ಇನ್ನೂ ಇವೆ, ಮರದ ನೆರಳೂ ಇದೆ. ದೂರದ ರೂಟ್ ಎಂದು ಮೂಗು ಮುರಿಯುವ ಮೊದಲು ಈ ಲೆಕ್ಕ ಹಾಕಬೇಕು.

ಎತ್ತರದ ಅಪಾರ್ಟ್‌ಮೆಂಟ್‌ಗಳೆಂದರೆ ಲಿಫ್ಟ್ ಇದೆಯಲ್ಲ, ಸುಲಭ ಎಂಬ ಭಾವನೆ ಇದೆ. ಅರ್ಧ ನಿಜ. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಯ ದೊಡ್ಡ ಸೊಸೈಟಿಯಲ್ಲಿ ಒಂದೇ ಗೇಟಿನೊಳಗೆ ಇಪ್ಪತ್ತು ಮೂವತ್ತು ಪಾರ್ಸೆಲ್ ಮುಗಿಯಬಹುದು. ಆದರೆ ಮೂರು ಪ್ರಶ್ನೆ ಕೇಳದೆ ಒಪ್ಪಬೇಡಿ. ಗಾಡಿ ಟವರ್ ಬುಡದವರೆಗೆ ಹೋಗುತ್ತದೆಯೋ, ಗೇಟಿನ ಹೊರಗೇ ನಿಲ್ಲಿಸಬೇಕೋ? ಡೆಲಿವರಿಯವರಿಗೆ ಯಾವ ಲಿಫ್ಟ್, ಅದು ಓಡುತ್ತಿದೆಯೇ? ಮನೆಯಲ್ಲಿ ಯಾರೂ ಇಲ್ಲದಿದ್ದರೆ ಗೇಟಿನಲ್ಲಿ ಪಾರ್ಸೆಲ್ ಇಟ್ಟುಕೊಳ್ಳುತ್ತಾರೆಯೇ? ಗಾಡಿ ಹೊರಗೆ ನಿಲ್ಲಿಸಿ, 15 ಕಿಲೋ ಚೀಲ ಹೊತ್ತು 400 ಮೀಟರ್ ನಡೆದು, ಮರೆತ ಒಂದು ಡಬ್ಬಕ್ಕಾಗಿ ಮತ್ತೆ ಬಂದು ಹೋಗುವ ರೂಟ್‌ಗಿಂತ ಲಿಫ್ಟ್ ಇಲ್ಲದ ಎರಡು ಮಹಡಿಯೇ ವಾಸಿ. ಒಳಗೆ ಹೋಗುವ ಮುನ್ನ ಟವರ್‌ವಾರು, ಮಹಡಿವಾರು ಜೋಡಿಸಿಕೊಳ್ಳಿ. ಲಿಫ್ಟ್‌ನಲ್ಲಿ ಮೇಲಕ್ಕೆ ಹೋಗಿ ಕೊಡುತ್ತಾ ಮೆಟ್ಟಿಲಿಳಿದು ಬರುವ ರೂಢಿ ಕೆಲವರಿಗಿದೆ. ಸಮಯ ಉಳಿಯುತ್ತದೆ ನಿಜ, ಮಂಡಿ ನೋವಿರುವವರಿಗೆ ಅದು ಬೇಡವೇ ಬೇಡ. ಮಧ್ಯೆ ಒಂದು ಮಹಡಿ ಇಳಿಯಬಹುದು, ಹತ್ತು ಮಹಡಿಯಲ್ಲ.

ಡೆಲಿವರಿ ಕೊಡುವವರು ಲಿಫ್ಟ್ ಬಳಸಬಾರದು ಎಂದು ಕೆಲವು ಕಡೆ ಫಲಕ ಹಾಕಿರುತ್ತಾರೆ. ತಮಗಾಗಿ ಸಾಮಾನು ಹೊತ್ತು ತಂದವನನ್ನು ಮೆಟ್ಟಿಲಿಗೆ ಕಳಿಸುವ ಈ ಪದ್ಧತಿ ನಿಲ್ಲಬೇಕು. ನಿವಾಸಿಗಳ ಸಂಘಗಳು ಮುಂದಿನ ಸಭೆಯಲ್ಲೇ ಇದನ್ನು ತೆಗೆಯಲಿ ಎಂದು ಕೈಮುಗಿದು ಕೇಳುತ್ತೇವೆ.

ಎರಡನೆಯದು ಸ್ಟಾಪ್. ಪಾರ್ಸೆಲ್ ಎಷ್ಟು ಎಂಬುದಕ್ಕಿಂತ ಎಷ್ಟು ಕಡೆ ನಿಲ್ಲಬೇಕು ಎಂಬುದೇ ಮುಖ್ಯ. 80 ಪಾರ್ಸೆಲ್ 35 ಸ್ಟಾಪ್‌ನಲ್ಲಿ ಮುಗಿಯುವ ರೂಟ್ ಉಂಟು, 75 ಸ್ಟಾಪ್ ತೆಗೆದುಕೊಳ್ಳುವುದೂ ಉಂಟು. ಪ್ರತಿ ಸ್ಟಾಪ್‌ಗೂ ಬ್ರೇಕ್, ಸ್ಟ್ಯಾಂಡ್, ಕಾಲೆತ್ತಿ ಇಳಿಯುವುದು, ಬ್ಯಾಗ್ ಇಳಿಸಿ ಬಗ್ಗಿ ಹುಡುಕುವುದು, ಮತ್ತೆ ಹೆಗಲಿಗೇರಿಸುವುದು. ಬೆಳಗ್ಗೆ 15 ಕಿಲೋ ಇದ್ದ ಬ್ಯಾಗ್ ಸಂಜೆಗೆ ಖಾಲಿಯಾಗುತ್ತದೆ, ಸರಾಸರಿ ಏಳೂವರೆ ಕಿಲೋ ಎನ್ನಿ. 75 ಸಲ ಎತ್ತಿದರೆ ಐದೂವರೆ ಕ್ವಿಂಟಲ್ ಮೀರುತ್ತದೆ. ಅದೂ ಸೊಂಟ ತಿರುಚಿ, ಒಂದೇ ಭುಜಕ್ಕೆ.

ಇದಕ್ಕೆ ಉಪಾಯ ಸರಳ. ದೊಡ್ಡ ಬ್ಯಾಗನ್ನು ಬೆನ್ನಿಗೆ ಹಾಕದೆ ಹಿಂದಿನ ಸೀಟಿಗೆ ಪಟ್ಟಿಯಿಂದ ಬಿಗಿಯಿರಿ. ಮುಂದಿನ ಐದಾರು ಪಾರ್ಸೆಲ್‌ಗಳನ್ನಷ್ಟೇ ಅಡ್ಡ ಹಾಕುವ ಸಣ್ಣ ಚೀಲಕ್ಕೆ ತುಂಬಿಕೊಂಡು ಇಳಿಯಿರಿ. ಬೀದಿಯಲ್ಲಿ ಬಿಟ್ಟ ಬ್ಯಾಗ್ ಕಳುವಾದರೆ ನಷ್ಟ ತಮ್ಮ ತಲೆಗೇ ಬರುತ್ತದೆಂಬ ಭಯದಿಂದ ಹುಡುಗರು ಅದನ್ನು ಹೊತ್ತೇ ಹತ್ತುತ್ತಾರೆ. ಆ ಭಯ ಸುಳ್ಳಲ್ಲ. ಜಿಪ್ಪಿಗೆ ಬೀಗ, ಬ್ಯಾಗ್‌ನಿಂದ ಗಾಡಿಗೆ ಒಂದು ಕೇಬಲ್ ಲಾಕ್, ಕಣ್ಣಿಗೆ ಬೀಳುವ ಜಾಗದಲ್ಲಿ ನಿಲ್ಲಿಸುವುದು ಇಷ್ಟು ಮಾಡಬಹುದು. ಬೆನ್ನಿಗೇ ಹಾಕಬೇಕಾದ ರೂಟ್ ಆದರೆ, ಬ್ಯಾಗ್‌ನ ತಳ ಹಿಂದಿನ ಸೀಟಿನ ಮೇಲೆ ಕೂರುವಂತೆ ಭುಜಪಟ್ಟಿ ಸಡಿಲಿಸಿ. ಗಾಡಿ ಓಡುವಾಗ ಭಾರ ಸೀಟಿಗೆ ಹೋಗಬೇಕು, ಭುಜ ಬರೀ ಹಿಡಿದುಕೊಂಡಿರಬೇಕು. ಇಳಿದು ನಡೆಯುವಾಗ ಪಟ್ಟಿ ಬಿಗಿದು ಬ್ಯಾಗನ್ನು ಬೆನ್ನಿಗೆ ಅಂಟಿಸಿ. ತೂಕದ್ದು ತಳದಲ್ಲಿ, ಬೆನ್ನಿನ ಕಡೆಗೆ. ಹಗುರವಾದ ಬಟ್ಟೆ ಪ್ಯಾಕೆಟ್ ಮೇಲೆ, ಹೊರಗಡೆಗೆ. ಇದು ಉಲ್ಟಾ ಆದರೆ ಬ್ಯಾಗ್ ಹಿಂದಕ್ಕೆ ಜಗ್ಗುತ್ತದೆ, ಕತ್ತು ಮುಂದಕ್ಕೆ ಚಾಚುತ್ತದೆ, ಸಂಜೆಗೆ ಕತ್ತಿನ ಬುಡ ಸೆಟೆದುಕೊಳ್ಳುತ್ತದೆ.

ತೂಕದ ವಿಷಯಕ್ಕೆ ಬಂದರೆ, ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ 1991ರಲ್ಲಿ ಪರಿಷ್ಕರಿಸಿದ ಸೂತ್ರವೊಂದಿದೆ. ಎಲ್ಲವೂ ಅನುಕೂಲವಾಗಿದ್ದಾಗ, ಅಂದರೆ ಸಾಮಾನು ಮೈಗೆ ಹತ್ತಿರ (25 ಸೆಂ.ಮೀ.), ನೆಲದಿಂದ 75 ಸೆಂ.ಮೀ. ಎತ್ತರದಲ್ಲಿ, ಎರಡೂ ಕೈಗೆ ಹಿಡಿತ ಸಿಗುವಂತಿದ್ದರೆ, ಎತ್ತಬಹುದಾದ ಮಿತಿ 23 ಕಿಲೋ. ಅದೇ ಸಾಮಾನು ಮೈಯಿಂದ 50 ಸೆಂ.ಮೀ. ದೂರ ಹೋದರೆ ಮಿತಿ ಹನ್ನೊಂದೂವರೆಗೆ ಇಳಿಯುತ್ತದೆ. ಜತೆಗೆ ನೆಲದಿಂದ ಎತ್ತಬೇಕಾದರೆ ಒಂಬತ್ತಕ್ಕಿಂತ ಕಡಿಮೆ. ಅದರ ಮೇಲೆ ಸೊಂಟ ಪೂರಾ ಪಕ್ಕಕ್ಕೆ ತಿರುಗಿಸಿದರೆ ಆರು ಕಿಲೋ ಚಿಲ್ಲರೆ. ಅಂದರೆ ಹತ್ತು ಕಿಲೋ ಗೋಧಿ ಹಿಟ್ಟಿನ ಚೀಲ ತನ್ನಷ್ಟಕ್ಕೆ ಅಪಾಯದ ತೂಕವಲ್ಲ. ಗಾಡಿ ಮೇಲೆ ಕೂತಲ್ಲಿಂದಲೇ ತಿರುಗಿ, ಕೈ ಚಾಚಿ, ನೆಲದಿಂದ ಎತ್ತಿಕೊಂಡಾಗ ಅಪಾಯವಾಗುತ್ತದೆ. ಇಳಿಯಿರಿ, ಸಾಮಾನಿಗೆ ಎದುರು ನಿಲ್ಲಿ, ಮೊದಲು ಸೀಟಿನ ಎತ್ತರಕ್ಕೆ ತಂದು ಎದೆಗೆ ಒತ್ತಿ ಹಿಡಿದು ಆಮೇಲೆ ಹೊರಡಿ.

ಫ್ರಿಜ್, ವಾಷಿಂಗ್ ಮಷಿನ್ ಸಾಗಿಸುವ ಗೂಡ್ಸ್ ಆಟೊ, ಟಾಟಾ ಏಸ್ ರೂಟ್‌ಗಳ ಕತೆ ಬೇರೆ. ಒಬ್ಬ ವಯಸ್ಕ ಗಂಡಸು ಹೊರಬಹುದಾದ ಗರಿಷ್ಠ ತೂಕ 55 ಕಿಲೋ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ಮುಂಬಾಗಿಲ ವಾಷಿಂಗ್ ಮಷಿನ್ ಒಳಗೆ ಅಲುಗಾಡದಿರಲು ಭಾರದ ದಿಮ್ಮಿ ಕೂರಿಸಿರುವುದರಿಂದ ಅದೊಂದೇ ಸಾಮಾನ್ಯವಾಗಿ 60 ಕಿಲೋ ದಾಟುತ್ತದೆ. ಇಬ್ಬರು ಇಲ್ಲದೆ, ಹೆಗಲಪಟ್ಟಿ ಇಲ್ಲದೆ ಆ ರೂಟ್ ಮುಟ್ಟಬಾರದು. ಗಾಡಿಯ ಹಿಂಭಾಗದಿಂದ ಹಾರಿ ಇಳಿಯಲೂಬಾರದು.

ಮೂರನೆಯದು ಸಾಮಾನು ಯಾವ ದಿಕ್ಕಿಗೆ ಹರಿಯುತ್ತದೆ ಎಂಬುದು. ಡೆಲಿವರಿಯಲ್ಲಿ ಹೊತ್ತು ಕಳೆದಂತೆ ಭಾರ ಇಳಿಯುತ್ತದೆ. ರಿಟರ್ನ್ ಪಿಕಪ್, ಅಂದರೆ ಗ್ರಾಹಕರು ಹಿಂದಿರುಗಿಸುವ ಸಾಮಾನನ್ನು ಮನೆಯಿಂದ ತರುವ ಕೆಲಸ, ಹೆಚ್ಚಿರುವ ರೂಟ್‌ನಲ್ಲಿ ಮೈ ದಣಿದ ಹೊತ್ತಿಗೇ ಭಾರ ಏರುತ್ತದೆ. ಬಾಗಿಲಲ್ಲಿ ಕೂತು ಬಟ್ಟೆಯ ಟ್ಯಾಗ್, ಶೂ ನಂಬರ್ ಪರೀಕ್ಷಿಸಿ ಮಡಚಿ ತುಂಬುವ ಬಗ್ಗಾಟ ಬೇರೆ. ರೂಟ್ ಒಪ್ಪುವ ಮೊದಲು ಹಳೆಯ ರನ್‌ಶೀಟ್ (ಆ ದಿನ ಹಂಚಬೇಕಾದ ಪಾರ್ಸೆಲ್‌ಗಳ ಪಟ್ಟಿ) ನಾಲ್ಕು ದಿನದ್ದು ತೋರಿಸಿ ಎಂದು ಕೇಳಿ. ಪಿಕಪ್ ಎಷ್ಟು, ಕೊಡಲಾಗದೆ ಹಬ್‌ಗೆ ವಾಪಸ್ ಬಂದದ್ದೆಷ್ಟು ನೋಡಿ. ವಾಪಸ್ ಬಂದ ಪ್ರತಿಯೊಂದು ಪಾರ್ಸೆಲ್ ಎಂದರೆ ಅದೇ ಮೆಟ್ಟಿಲನ್ನು ನಾಳೆ ಮತ್ತೊಮ್ಮೆ ಹತ್ತುವುದು ಎಂದರ್ಥ. ಪಿ.ಜಿ. ರೂಟ್‌ನಲ್ಲಿ ಹಗಲು ಹೊತ್ತು ರೂಮಿನಲ್ಲಿ ಯಾರೂ ಇರುವುದಿಲ್ಲ, ಕೆಳಗಿಂದಲೇ ಫೋನ್ ಮಾಡದೆ ಒಂದು ಮೆಟ್ಟಿಲೂ ಹತ್ತಬೇಡಿ. ಒಟಿಪಿಯನ್ನೂ ಕೆಳಗೇ ಕೇಳಿ. ಕ್ಯಾಶ್ ಆದರೆ ಚಿಲ್ಲರೆ ಇದೆಯೇ ಎಂದು ಫೋನಿನಲ್ಲೇ ತಿಳಿದುಕೊಳ್ಳಿ.

ಇನ್ನು ರಸ್ತೆ. ಹಂಪ್ ಹೇಗಿರಬೇಕೆಂದು ರಸ್ತೆ ಎಂಜಿನಿಯರ್‌ಗಳ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆ ಕೊಟ್ಟಿದೆ: ವಾಹನ ಸಾಗುವ ದಿಕ್ಕಿನಲ್ಲಿ ಅಗಲ 3.7 ಮೀಟರ್, ಎತ್ತರ 10 ಸೆಂ.ಮೀ., ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವಂತೆ ದುಂಡಗೆ. ನಮ್ಮ ಒಳರಸ್ತೆಗಳಲ್ಲಿ ನಿವಾಸಿಗಳೇ ಹಾಕಿಸಿದ ಕಿರಿದಾದ, ಕಡಿದಾದ ದಿಬ್ಬಗಳಿಗೆ ಈ ಅಳತೆಯ ಗಾಳಿಯೂ ಸೋಕಿಲ್ಲ. ಸ್ಕೂಟರ್‌ನಲ್ಲಿ ಕಾಲು ಮುಂದಕ್ಕೆ ಚಾಚಿರುವುದರಿಂದ ಅಂಥ ದಿಬ್ಬದ ಏಟು ನೇರ ಬೆನ್ನುಮೂಳೆಗೆ ಬಡಿಯುತ್ತದೆ. ಬೈಕ್‌ನಲ್ಲಿ ಕಾಲು ಮೈಯ ಕೆಳಗಿರುವುದರಿಂದ ಸ್ವಲ್ಪ ಎದ್ದು ನಿಂತರೆ ತೊಡೆಯೇ ಏಟು ನುಂಗುತ್ತದೆ. ಹಾಗಂತ ಬೈಕೇ ಮೇಲು ಎನ್ನಲಾಗದು. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ರೂಟ್‌ನಲ್ಲಿ ಕ್ಲಚ್ ಹಿಡಿದು ಹಿಡಿದು ಎಡ ಮಣಿಕಟ್ಟು ಹೋಗುತ್ತದೆ, ಅಲ್ಲಿ ಗೇರಿಲ್ಲದ ಸ್ಕೂಟರ್ ಬೇಕು. ಗುಂಡಿ, ಹಂಪ್ ಹೆಚ್ಚಿದ್ದರೆ ಬೈಕ್, ಟ್ರಾಫಿಕ್ ಹೆಚ್ಚಿದ್ದರೆ ಸ್ಕೂಟರ್ ಎಂದು ನೆನಪಿಟ್ಟರೆ ಸಾಕು. ಸ್ಕೂಟರ್‌ನ ಫುಟ್‌ಬೋರ್ಡ್ ಮೇಲೆ ಮೂಟೆ ಇಟ್ಟು ಕಾಲನ್ನು ಹೊರಗೆ ಇಳಿಬಿಟ್ಟು ಓಡಿಸುವುದು ಸೊಂಟಕ್ಕೂ ಕೆಟ್ಟದ್ದು, ಜೀವಕ್ಕೂ ಕೆಟ್ಟದ್ದು. ಟೈರ್ ಗಾಳಿಯನ್ನು ವಾರಕ್ಕೊಮ್ಮೆ, ಬೆಳಗ್ಗೆ ಟೈರ್ ತಣ್ಣಗಿದ್ದಾಗ, ಇಬ್ಬರು ಕೂರುವ ಭಾರಕ್ಕೆ ಕಂಪನಿ ಹೇಳಿದಷ್ಟಕ್ಕೆ ಹಿಡಿಸಿ.

ಏರು-ಇಳಿಜಾರನ್ನೂ ನೋಡಬೇಕು. ಹನುಮಂತನಗರ, ಶ್ರೀನಗರದ ಕಡೆ ಇಳಿಜಾರಿನಲ್ಲಿ ಸ್ಟ್ಯಾಂಡ್ ಹಾಕುವಾಗ ಗಾಡಿಯ ಮುಖ ಏರಿನ ಕಡೆಗಿರಲಿ, ಇಲ್ಲದಿದ್ದರೆ ತುಂಬಿದ ಗಾಡಿ ಮುಂದಕ್ಕೆ ಜಾರಿ ಬೀಳುತ್ತದೆ, ಹಿಡಿಯಲು ಹೋದವರ ಸೊಂಟ ಹಿಡಿದುಕೊಳ್ಳುತ್ತದೆ. ಮಂಗಳೂರು, ಮಡಿಕೇರಿಯಲ್ಲಿ ಎಷ್ಟೋ ಮನೆಗಳು ರಸ್ತೆಯಿಂದ ಇಪ್ಪತ್ತು ಮೆಟ್ಟಿಲು ಕೆಳಗೋ ಮೇಲೋ ಇರುತ್ತವೆ. ಮಳೆಗಾಲದಲ್ಲಿ ಅವು ಪಾಚಿ ಕಟ್ಟುತ್ತವೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ರೂಟ್, ಉಳಿದ ತಿಂಗಳಿಗೆ ಇನ್ನೊಂದು ಎಂದೇ ಯೋಚಿಸಬೇಕು.

ಸ್ಟಾಪ್‌ಗಳ ಕ್ರಮವನ್ನು ಆ್ಯಪ್ ಹೇಳಿದಂತೆಯೇ ಅನುಸರಿಸಬೇಕಿಲ್ಲ. ನಮ್ಮ ಬಡಾವಣೆಗಳಲ್ಲಿ ಪ್ರತಿ ಬ್ಲಾಕ್‌ಗೂ ಒಂದೊಂದು 3ನೇ ಕ್ರಾಸ್ ಇರುವುದರಿಂದ ಮ್ಯಾಪ್‌ನ ಗುರುತು ತಪ್ಪುವುದು ಸಾಮಾನ್ಯ. ಹಬ್‌ನಲ್ಲೇ 20 ನಿಮಿಷ ಕೂತು ಬ್ಲಾಕ್, ಮೇನ್, ಕ್ರಾಸ್ ಪ್ರಕಾರ ವಿಂಗಡಿಸಿ, ಮಾರ್ಕರ್‌ನಿಂದ ದಪ್ಪಗೆ ಕ್ರಮಸಂಖ್ಯೆ ಬರೆದು, ಕೊನೆಯದನ್ನು ಮೊದಲು ತುಂಬಿ. ಒಂದೊಂದು ಸ್ಟಾಪ್‌ನಲ್ಲೂ ಬಗ್ಗಿ ಹುಡುಕುವುದು ತಪ್ಪುತ್ತದೆ. ಬಲತಿರುವು ಕಡಿಮೆ ಬರುವಂತೆ ಎಡಕ್ಕೆಡಕ್ಕೆ ಸುತ್ತಿ ಬನ್ನಿ, ಎದುರು ಟ್ರಾಫಿಕ್ಕಿಗೆ ಕಾಲೂರಿ ಕಾಯುವುದು ತಪ್ಪುತ್ತದೆ. ರಸ್ತೆಯ ಬಲಬದಿಯಲ್ಲಿ ವಾಹನ ಓಡಿಸುವ ಅಮೆರಿಕದಲ್ಲಿ ಯುಪಿಎಸ್ ಪಾರ್ಸೆಲ್ ಕಂಪನಿ ಎಡತಿರುವನ್ನು ಆದಷ್ಟು ತಪ್ಪಿಸುವುದು ಇದೇ ಕಾರಣಕ್ಕೆ. ಅತಿ ಭಾರದ ಮೂರು-ನಾಲ್ಕು ಪಾರ್ಸೆಲ್‌ಗಳನ್ನು ಒಂದು ಕಿಲೋಮೀಟರ್ ಸುತ್ತಾದರೂ ಮೊದಲ ಗಂಟೆಯಲ್ಲೇ ಕೊಟ್ಟುಬಿಡಿ. ಮೆಟ್ಟಿಲಿನ ಬೀದಿ ಬೆಳಗ್ಗೆಗೆ, ನೆಲಮಹಡಿಯ ಬೀದಿ ಮಧ್ಯಾಹ್ನಕ್ಕೆ.

ಬಿಸಿಲಿನ ಮಾತು ಕಲಬುರಗಿ, ರಾಯಚೂರಿಗೆ ಮಾತ್ರ ಸೇರಿದ್ದೆಂದುಕೊಳ್ಳಬೇಡಿ. 2016ರ ಏಪ್ರಿಲ್ 24ರಂದು ಬೆಂಗಳೂರಿನಲ್ಲೇ 39.2 ಡಿಗ್ರಿ ದಾಖಲಾಗಿತ್ತು. ನೀರು ಕುಡಿಯಿರಿ ಎಂದು ಎಲ್ಲರೂ ಹೇಳುತ್ತಾರೆ, ಶೌಚಾಲಯ ಎಲ್ಲಿ ಎಂದು ಯಾರೂ ಹೇಳುವುದಿಲ್ಲ. ಮೂತ್ರಕ್ಕೆ ಜಾಗವಿಲ್ಲದ ರೂಟ್‌ನಲ್ಲಿ ಜನ ನೀರು ಕುಡಿಯುವುದನ್ನೇ ಬಿಡುತ್ತಾರೆ, ಉರಿಮೂತ್ರ, ಕಿಡ್ನಿ ಕಲ್ಲು ಬರುವುದು ಅಲ್ಲಿಂದ. ಈ ಕೆಲಸಕ್ಕೆ ಬರುವ ಹೆಣ್ಣುಮಕ್ಕಳಿಗಂತೂ ರೂಟ್ ಆರಿಸುವ ಮೊದಲ ಪ್ರಶ್ನೆಯೇ ಇದು. ಪೆಟ್ರೋಲ್ ಬಂಕ್, ಸಾರ್ವಜನಿಕ ಶೌಚಾಲಯ, ಒಂದು ಇಂದಿರಾ ಕ್ಯಾಂಟೀನ್ ದಾರಿಯ ನಡುವೆ ಬೀಳುವಂತಿದ್ದರೆ ಆ ರೂಟ್‌ಗೆ ಎರಡು ಅಂಕ ಜಾಸ್ತಿ ಕೊಡಿ.

ಇಷ್ಟೆಲ್ಲ ನೋಡಿದ ಮೇಲೂ ಎಲ್ಲರಿಗೂ ಹೊಂದುವ ರೂಟ್ ಎಂಬುದಿಲ್ಲ. ಯಾರಿಗೆ ಎಲ್ಲಿ ನೋವು ಎಂಬುದರ ಮೇಲೆ ನಿಲ್ಲುತ್ತದೆ. ಮಂಡಿ ಸರಿಯಿಲ್ಲದವರಿಗೆ ಅಂಗಡಿ, ಕಾರ್ಖಾನೆ, ಆಫೀಸುಗಳ ರೂಟ್ ವಾಸಿ. ಪೀಣ್ಯದ ಕಡೆ ಬಹುಪಾಲು ನೆಲಮಟ್ಟದಲ್ಲೇ ಮುಗಿಯುತ್ತದೆ, ಒಂದೇ ಬಾಗಿಲಿಗೆ ಹತ್ತಾರು ಪಾರ್ಸೆಲ್ ಬೀಳುತ್ತದೆ. ಆದರೆ ಅಲ್ಲಿನ ಪೆಟ್ಟಿಗೆಗಳು ಭಾರ, ಸೊಂಟ ನೋವಿನವರು ದೂರ ಇರಬೇಕು. ಸೊಂಟ ನೋವಿನವರಿಗೆ ಬಟ್ಟೆ, ಪುಸ್ತಕ, ಔಷಧಿಯಂಥ ಹಗುರ ಪಾರ್ಸೆಲ್‌ಗಳ ಮನೆ ರೂಟ್ ಒಳ್ಳೆಯದು, ಒಂದೆರಡು ಮಹಡಿ ಇದ್ದರೂ ನಡೆದೀತು. ಕೂತು ಕೂತು ಹಿಡಿದುಕೊಂಡ ಸೊಂಟಕ್ಕೆ ನಡಿಗೆ ಒಳ್ಳೆಯದೇ, ಅಂಥವರಿಗೆ ಉದ್ದದ ಹೈವೇ ರೂಟ್ ಬೇಡ. ಭುಜ, ಮಣಿಕಟ್ಟಿನ ನೋವಿದ್ದರೆ ಗೇರಿಲ್ಲದ ಗಾಡಿ, ಕಡಿಮೆ ಸ್ಟಾಪ್. ಚಿಕ್ಕಪೇಟೆ, ಅವೆನ್ಯೂ ರಸ್ತೆಯನ್ನು ಅಂಗಡಿ ರೂಟ್ ಎಂದು ನಂಬಿ ಹೋಗಬೇಡಿ. ಗಾಡಿ ದೂರ ನಿಲ್ಲಿಸಬೇಕು, ಜನರ ನಡುವೆ ಹೊತ್ತು ನುಗ್ಗಬೇಕು, ಮೇಲಂಗಡಿಗಳ ಮೆಟ್ಟಿಲು ಏಣಿಯಷ್ಟೇ ಕಡಿದು.

ಒಪ್ಪುವ ಮೊದಲು ಮೂರು ದಿನ ಪ್ರಯೋಗ ಮಾಡಿ, ಒಂದು ಚೀಟಿಯಲ್ಲಿ ಐದು ಸಂಖ್ಯೆ ಬರೆದಿಡಿ: ಸ್ಟಾಪ್, ಲಿಫ್ಟ್ ಇಲ್ಲದೆ ಹತ್ತಿದ ಮಹಡಿ, ಹತ್ತು ಕಿಲೋ ಮೀರಿದ ಪಾರ್ಸೆಲ್, ರಿಟರ್ನ್ ಪಿಕಪ್, ವಾಪಸ್ ಬಂದದ್ದು. ಸೋಮವಾರ ಮತ್ತು ಶನಿವಾರ ಎರಡೂ ಆ ಮೂರರಲ್ಲಿರಲಿ. ಸಂಜೆಯ ಆಯಾಸ ರಾತ್ರಿ ಮಲಗಿದರೆ ಹೋಗುತ್ತದೆ. ಬೆಳಗ್ಗೆ ಎದ್ದಾಗಲೂ ಅದೇ ಜಾಗದಲ್ಲಿ ನೋವಿದ್ದರೆ ರೂಟ್ ಹೊಂದುತ್ತಿಲ್ಲ ಎಂದರ್ಥ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ, ಸೊಂಟದಿಂದ ಕಾಲಿಗೆ ಎಳೆತ ಬಂದರೆ ವೈದ್ಯರಿಗೆ ತೋರಿಸಿ, ಸ್ಪ್ರೇ ಹೊಡೆದು ಗಾಡಿ ಹತ್ತಬೇಡಿ. ಸೊಂಟ ನೋವಿನ ಜತೆ ಮೂತ್ರ ಹತೋಟಿ ತಪ್ಪಿದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕು.

ರೂಟ್ ಆರಿಸುವ ಅವಕಾಶವೇ ಎಷ್ಟೋ ಜನರಿಗಿಲ್ಲ ಎಂಬುದೂ ಗೊತ್ತಿದೆ. ಹಬ್ ನಡೆಸುವವರು ರನ್‌ಶೀಟ್‌ನಲ್ಲಿ ಮಹಡಿ, ಲಿಫ್ಟ್, ತೂಕ ಈ ಮೂರು ಕಾಲಂ ಸೇರಿಸಲಿ. ಮೆಟ್ಟಿಲಿನ ರೂಟ್ ಒಬ್ಬನಿಗೇ ವರ್ಷಗಟ್ಟಲೆ ಅಂಟಿಸದೆ ವಾರಕ್ಕೊಮ್ಮೆ ಬದಲಿಸಲಿ. ಅಂಚೆ ಇಲಾಖೆಯಲ್ಲಿ ಪೋಸ್ಟ್‌ಮನ್‌ಗೆ ನಿಗದಿತ ಬೀಟ್ ಇರುವುದರಿಂದ ಬೀದಿಯ ಪರಿಚಯ ಬೆಳೆಯುತ್ತದೆ, ಅದರ ಲಾಭ ದೊಡ್ಡದು. ಎರಡು ರೂಟ್‌ಗಳನ್ನು ಇಬ್ಬರ ನಡುವೆ ಅದಲುಬದಲು ಮಾಡಿದರೆ ಪರಿಚಯವೂ ಉಳಿಯುತ್ತದೆ, ಮಂಡಿಗೂ ಬಿಡುವು ಸಿಗುತ್ತದೆ. ಕರ್ನಾಟಕ 2025ರಲ್ಲಿ ಆ್ಯಪ್‌ಗಳ ಮೂಲಕ ಕೆಲಸ ಪಡೆಯುವ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದಿದೆ. ಕಾರ್ಮಿಕನಿಗೆ ಕೊಡುವ ಹಣದ ಶೇ 1ರಿಂದ 5ರಷ್ಟನ್ನು ಕಲ್ಯಾಣ ಶುಲ್ಕವಾಗಿ ಕಂಪನಿಗಳಿಂದ ಪಡೆಯುವ ಏರ್ಪಾಡು ಅದರಲ್ಲಿದೆ. ಕೆಲಸ ಹಂಚುವ ಆ್ಯಪ್ ಯಾವ ಲೆಕ್ಕದಲ್ಲಿ ಹಂಚುತ್ತದೆ ಎಂಬುದೂ ಈ ಕಾಯ್ದೆಯ ಕಾಳಜಿಗೆ ಸೇರಿದ್ದು. ಆ ಲೆಕ್ಕದಲ್ಲಿ ಲಿಫ್ಟ್ ಇಲ್ಲದ ಮಹಡಿಗೂ ಭಾರದ ಪೆಟ್ಟಿಗೆಗೂ ಬೆಲೆ ಇರಬೇಕೆಂದು ಕಾಯ್ದೆಯಡಿಯ ಕಲ್ಯಾಣ ಮಂಡಳಿ ಕೇಳಲಿ.

ಪಾರ್ಸೆಲ್ ತರಿಸಿಕೊಳ್ಳುವ ಓದುಗರಲ್ಲೂ ಒಂದು ಕೋರಿಕೆ. ಆ್ಯಪ್‌ನಲ್ಲಿರುವ ನಿಮ್ಮ ವಿಳಾಸಕ್ಕೆ ‘2ನೇ ಮಹಡಿ, ಲಿಫ್ಟ್ ಇಲ್ಲ, ಬಲಗಡೆ ಬಾಗಿಲು, ಗಣಪತಿ ದೇವಸ್ಥಾನದ ಎದುರು’ ಎಂದು ಇಷ್ಟು ಸೇರಿಸಿ. ಅಕ್ಕಿ, ಎಣ್ಣೆ, ಹಿಟ್ಟು ತರಿಸಿದ ದಿನ ಸಾಧ್ಯವಿದ್ದವರು ಕೆಳಗಿಳಿದು ಬನ್ನಿ. ಸೊಪ್ಪಿನವಳು ಬಂದಾಗ ಮಹಡಿಯಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಡುವ ಅಭ್ಯಾಸ ನಮ್ಮ ಹಳೇ ಬಡಾವಣೆಗಳಲ್ಲಿ ಇನ್ನೂ ಇದೆ. ಎರಡು ಕಿಲೋ ಒಳಗಿನ ಪಾರ್ಸೆಲ್‌ಗೂ ಆ ಬುಟ್ಟಿ ಸಾಕು.

ಇಂತಿ,
ಪಾರ್ಸೆಲ್ ಹಂಚುವ ಮತ್ತು ರೂಟ್ ಜೋಡಿಸುವ ಕೆಲಸದವರು
ಬೆಂಗಳೂರು